ಇಲ್ಲಿ ಕಸ ಸುಡಬಾರದು, ಸರಿ. ಯಾರು ಸುಡಬಾರದು?

ದಿಲ್ಲಿಯ ಮರಗಳು ಎಲೆ ಉದುರಿಸುವುದು ಚಳಿಗಾಲ ಮುಗಿಯುವ ಹೊತ್ತಿಗೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೇವು, ಅರಳಿ ಒಂದಾದ ಮೇಲೊಂದು ಬರಿದಾಗಿ ಮತ್ತೆ ಚಿಗುರುತ್ತವೆ. ಆರ್.ಕೆ. ಪುರಂನಂಥ ಹಳೆಯ ಸರ್ಕಾರಿ ಕಾಲೊನಿಗಳಲ್ಲಿ ಮರಗಳಿಗೂ ವಯಸ್ಸಾಗಿದೆ, ಹಾಗಾಗಿ ಎಲೆಗೂ ಬರವಿಲ್ಲ. ಹೋಳಿಯ ಹೊತ್ತಿಗೆ ರಸ್ತೆಯ ಅಂಚಿನುದ್ದಕ್ಕೂ ತರಗೆಲೆ ಸಾಲುಗಟ್ಟಿ ಬಿದ್ದಿರುತ್ತದೆ.

ಬೆಳಿಗ್ಗೆ ಆರೂವರೆಗೆ ಗುಡಿಸುವಾಕೆ ಬರುತ್ತಾಳೆ. ಕೈಯಲ್ಲಿ ಉದ್ದ ಹಿಡಿಯ ಪೊರಕೆ, ಜೊತೆಗೊಂದು ತಳ್ಳುಗಾಡಿ. ಕಸ ಸುರಿಯುವ ಢಲಾವ್ ಎರಡು ರಸ್ತೆ ಆಚೆಗಿದೆ. ಮೇಲ್ವಿಚಾರಕ ಬರುವಷ್ಟರಲ್ಲಿ ರಸ್ತೆ ಚೊಕ್ಕವಾಗಿ ಕಾಣಬೇಕು. ಒಂದು ರಾತ್ರಿಯ ಎಲೆಯನ್ನು ಸಾಗಿಸಲು ಆ ಗಾಡಿ ಹತ್ತು ಸಲ ಹೋಗಿ ಬರಬೇಕು. ತಿರುಗಿ ನೋಡುವಷ್ಟರಲ್ಲಿ ಮರ ಮತ್ತಷ್ಟು ಉದುರಿಸಿರುತ್ತದೆ. ಹತ್ತು ಸಲ ತಳ್ಳುವುದೋ, ಒಂದು ಕಡ್ಡಿ ಗೀರುವುದೋ? ಆಕೆ ಕಡ್ಡಿ ಗೀರುತ್ತಾಳೆ.

ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತವರು ಫೋನ್ ಎತ್ತಿ ವೀಡಿಯೊ ಮಾಡುತ್ತಾರೆ. 2020ರಿಂದ ದಿಲ್ಲಿ ಸರ್ಕಾರದ ಗ್ರೀನ್ ದಿಲ್ಲಿ ಆ್ಯಪ್ ಇದೆ. ಚಿತ್ರ ಸಮೇತ ದೂರು ಕೊಡಬಹುದು. ದೂರು ಹೋಗುತ್ತದೆ, ಮೇಲಿನಿಂದ ಕೆಳಗಿಳಿದು ಕೊನೆಗೆ ಪೊರಕೆ ಹಿಡಿದವಳ ಹತ್ತಿರ ಬಂದು ನಿಲ್ಲುತ್ತದೆ. ದಂಡ ಇಲ್ಲವೇ ಸಂಬಳಕ್ಕೆ ಕತ್ತರಿ. ಅದೂ ಇಲ್ಲದಿದ್ದರೆ ಬೈಗುಳವಂತೂ ಖಂಡಿತ. ದೂರು 'ಬಗೆಹರಿದಿದೆ' ಎಂಬ ಸಂದೇಶ ಬಾಲ್ಕನಿಗೆ ತಲುಪುತ್ತದೆ. ಮರುದಿನ ಬೆಳಿಗ್ಗೆ ಅದೇ ಮರ, ಅದೇ ಎಲೆ, ಅದೇ ಗಾಡಿ, ಅಷ್ಟೇ ದೂರದ ಢಲಾವ್.

ಎಲೆ ಸುಡುವುದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಪ್ಪನ್ನು ತಡೆಯುತ್ತೇವೆಂದು ಬಂದ ನಿಯಮಗಳು ಇಪ್ಪತ್ತೈದು ವರ್ಷಗಳಿಂದ ಮಾಡುತ್ತಿರುವ ತಪ್ಪು ಅದಕ್ಕಿಂತ ದೊಡ್ಡದು. ಉರಿಯುವ ರಾಶಿಯ ಹಿಂದೆ ಇರುವ ಎಲ್ಲರನ್ನೂ ಬಿಟ್ಟು, ಅವು ಕಡ್ಡಿ ಗೀರಿದ ಕೈಯೊಂದನ್ನೇ ಹಿಡಿದುಕೊಂಡಿವೆ.

*

ಮೊದಲು ಹೊಗೆಯ ವಿಷಯ. 'ಎಲೆ ತಾನೆ, ಪ್ಲಾಸ್ಟಿಕ್ ಅಲ್ಲವಲ್ಲ' ಎನ್ನುವವರು ಈಗಲೂ ಇದ್ದಾರೆ. ತರಗೆಲೆಯ ರಾಶಿ ಸೌದೆಯ ಹಾಗೆ ಧಗಧಗ ಉರಿಯುವುದಿಲ್ಲ. ಹೊರಗಿನ ಪದರ ಒಣಗಿದ್ದರೂ ಒಳಗೆ ಇಬ್ಬನಿಯ ತೇವವಿರುತ್ತದೆ, ಗಾಳಿ ಆಡುವುದಿಲ್ಲ. ಹಾಗಾಗಿ ಅದು ಗಂಟೆಗಟ್ಟಲೆ ಹೊಗೆಯಾಡುತ್ತಾ ಒಳಗೊಳಗೇ ಬೇಯುತ್ತದೆ. ಅರೆಬೆಂದ ಎಲೆಯಿಂದ ಬರುವುದು ಕಾರ್ಬನ್ ಮೊನಾಕ್ಸೈಡ್, ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಮತ್ತು ಪಿಎಂ 2.5 ಎಂದು ಕರೆಯುವ, ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲಿನಷ್ಟು ಸಣ್ಣ ಕಣಗಳು. ದಿನದ ಸರಾಸರಿಯಲ್ಲಿ ಈ ಕಣಗಳು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎಂದು ಭಾರತದ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 15.

ಕಾರ್ಖಾನೆಯ ಹೊಗೆ ಚಿಮಣಿಯ ತುದಿಯಿಂದ ಹೊರಡುತ್ತದೆ. ಎಲೆರಾಶಿಯ ಹೊಗೆ ಹೊರಡುವುದು ನೆಲದಿಂದ, ಶಾಲೆಯ ಬಸ್ಸಿಗೆ ಕಾಯುವ ಮಗುವಿನ ಮೂಗಿನ ಮಟ್ಟದಲ್ಲಿ. ಇಡೀ ನಗರದ ಲೆಕ್ಕದಲ್ಲಿ ಅದರ ಪಾಲು ಸಣ್ಣದಿರಬಹುದು. ಆ ರಸ್ತೆಯ ಲೆಕ್ಕದಲ್ಲಿ ಅಲ್ಲ. ಮೇಲಾಗಿ ರಸ್ತೆಯಿಂದ ಗುಡಿಸಿದ ರಾಶಿಯಲ್ಲಿ ಬರೀ ಎಲೆ ಇರುವುದೂ ಇಲ್ಲ. ಗುಟ್ಕಾ ಚೀಟಿ, ಹಾಲಿನ ಕವರು, ಬಿಸ್ಕತ್ತಿನ ಹೊದಿಕೆ ಎಲ್ಲ ಸೇರಿರುತ್ತವೆ. ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವುದು ಬಾಲ್ಕನಿಯವರಲ್ಲ, ಪಕ್ಕದಲ್ಲೇ ನಿಂತು ಕೋಲಿನಿಂದ ರಾಶಿ ಕೆದಕುವವಳು.

'ದಿಲ್ಲಿಯ ಹೊಗೆಯೆಲ್ಲ ಪಂಜಾಬಿನ ರೈತರದು' ಎಂಬ ಮಾತಿಗೂ ಇಲ್ಲಿ ಜಾಗವಿಲ್ಲ. ಭತ್ತದ ಕೂಳೆ ಸುಡುವುದು ಅಕ್ಟೋಬರ್, ನವೆಂಬರ್‌ನಲ್ಲಿ. ಬೇವಿನೆಲೆ ಉದುರುವ ಮಾರ್ಚ್‌ನಲ್ಲಿ ಪಂಜಾಬಿನ ಹೊಲದಲ್ಲಿ ಗೋಧಿ ತೆನೆಗಟ್ಟಿ ನಿಂತಿರುತ್ತದೆ. ಆಗಿನ ಹೊಗೆಗೆ ಊರೇ ಹೊಣೆ.

*

ಈ ಹೊಗೆಗೆ ನಿಷೇಧ ಹೊಸದೇನಲ್ಲ. 2000ದಲ್ಲಿ ಬಂದ ನಗರ ಘನತ್ಯಾಜ್ಯ ನಿಯಮಗಳಲ್ಲೇ ಕಸವನ್ನಾಗಲಿ ಒಣಗಿದ ಎಲೆಯನ್ನಾಗಲಿ ಸುಡತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ ಎಲೆ, ಪ್ಲಾಸ್ಟಿಕ್, ರಬ್ಬರ್ ಯಾವುದನ್ನು ಬಯಲಲ್ಲಿ ಸುಟ್ಟರೂ 5,000 ರೂಪಾಯಿ ಎಂದು ಗೊತ್ತುಮಾಡಿತು. 2016ರ ಏಪ್ರಿಲ್‌ನಲ್ಲಿ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಅಲ್ಮಿತ್ರಾ ಪಟೇಲ್ ಪ್ರಕರಣದ ತೀರ್ಪಿನಲ್ಲಿ, ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶಕ್ಕೆಲ್ಲ ನಿಷೇಧಿಸಿತು: ಸಣ್ಣ ಪ್ರಮಾಣಕ್ಕೆ 5,000, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ.

ಕಾನೂನು ಸಾಲದು ಎಂಬ ದೂರು ಹಾಗಾಗಿ ನಿಲ್ಲುವುದಿಲ್ಲ. ಕಾನೂನು ಬೇಕಾದಷ್ಟಿದೆ. ಅದು ಯಾರಿಗೆ ಏನು ಹೇಳುತ್ತದೆ ಎಂದು ಓದಿ ನೋಡಬೇಕು.

2016ರ ನಿಯಮಗಳಲ್ಲಿ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳ ಉದ್ದ ಪಟ್ಟಿಯಿತ್ತು. ಅದರಲ್ಲಿ ಎಲೆಗೆ ಸಂಬಂಧಿಸಿದ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಒಂದು, ಬೀದಿಯಲ್ಲಿ ಗುಡಿಸಿದ ಮರದ ಎಲೆಗಳನ್ನು ಸುಡದಂತೆ, ಬೇರೆಯಾಗಿ ಇಟ್ಟು ಕಸ ಒಯ್ಯುವವರಿಗೆ ಒಪ್ಪಿಸುವಂತೆ ಗುಡಿಸುವವರಿಗೆ ನಿರ್ದೇಶಿಸಬೇಕು. ಇನ್ನೊಂದು, ಉದ್ಯಾನ ಮತ್ತು ತೋಟಗಳ ತ್ಯಾಜ್ಯವನ್ನು ಬೇರೆಯಾಗಿ ಸಂಗ್ರಹಿಸಿ ಆಯಾ ಉದ್ಯಾನದಲ್ಲೇ ಸಂಸ್ಕರಿಸಬೇಕು, 'ಸಾಧ್ಯವಾದಷ್ಟು ಮಟ್ಟಿಗೆ'.

ಆ 'ಸಾಧ್ಯವಾದಷ್ಟು' ಎಲ್ಲಿತ್ತು, ಎಲ್ಲಿರಲಿಲ್ಲ? ಗೊಬ್ಬರದ ಗುಂಡಿ ತೋಡಬೇಕಾದ ಪಾಲಿಕೆಗೆ ಸಾಧ್ಯವಾದಷ್ಟು ಸಾಕಿತ್ತು. ಕಡ್ಡಿ ಗೀರಬಾರದ ಕೆಲಸಗಾರರಿಗೆ ಅಂಥ ರಿಯಾಯಿತಿಯಿರಲಿಲ್ಲ. ಗುಂಡಿ ಇಲ್ಲದಿದ್ದರೂ, ಎಲೆ ಒಯ್ಯುವ ಗಾಡಿ ವಾರಗಟ್ಟಲೆ ಬರದಿದ್ದರೂ, ತುಂಬಿಡಲು ಚೀಲ ಕೊಡದಿದ್ದರೂ ಆಕೆ ಸುಡಬಾರದು. ಸೌಕರ್ಯ ಕೊಡುವವರ ಕರ್ತವ್ಯ ಸಡಿಲ, ಸೌಕರ್ಯವಿಲ್ಲದವರ ಕರ್ತವ್ಯ ಬಿಗಿ. ಇಡೀ ಅನ್ಯಾಯ ಈ ಒಂದು ಪದದಲ್ಲಿತ್ತು.

ಮನೆಯವರಿಗೆ ಹೇಳಿದ ಮಾತೂ ಇಷ್ಟೇ ಸಡಿಲ. ಕಸವನ್ನು ತನ್ನ ಆವರಣದ ಹೊರಗಿನ ಬೀದಿಯಲ್ಲಿ, ಸಾರ್ವಜನಿಕ ಬಯಲಿನಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು ಎನ್ನುತ್ತಿತ್ತು ಅದೇ ನಿಯಮ. ಆವರಣದ ಒಳಗೆ? ಡಿಸೆಂಬರ್‌ನ ತೀರ್ಪು ಬಂದ ಮೇಲೆ ಆ ಸಂದು ಇರಬಾರದಿತ್ತು. ಆದರೂ ಕಾಂಪೌಂಡ್ ಗೋಡೆಯ ಒಳಗೆ ಮಾಲಿ ಹಚ್ಚಿದ ಬೆಂಕಿಗೆ ಒಂದು ವಾದ ಉಳಿದೇ ಇರುತ್ತದೆ. ಗೋಡೆ ಇಲ್ಲದವರಿಗೆ ವಾದವೂ ಇಲ್ಲ.

*

ಹೊರನಾಡ ಕನ್ನಡಿಗರು ಈ ನಿಷೇಧದ ಫಲಕವನ್ನು ನಾಲ್ಕಾರು ಭಾಷೆಗಳಲ್ಲಿ ಓದುತ್ತಾರೆ. ದಿಲ್ಲಿಯಲ್ಲಿ 'ಯಹಾಂ ಕೂಡಾ ಜಲಾನಾ ಮನಾ ಹೈ'. ಪುಣೆಯಲ್ಲಿ, ಮುಂಬಯಿಯಲ್ಲಿ 'ಯೇಥೇ ಕಚರಾ ಜಾಳೂ ನಯೇ'. ಚೆನ್ನೈಯಲ್ಲಿ 'ಇಂಗು ಕುಪ್ಪೈ ಎರಿಕ್ಕಕ್ ಕೂಡಾದು'. ಹೈದರಾಬಾದಿನಲ್ಲಿ 'ಇಕ್ಕಡ ಚೆತ್ತ ಕಾಲ್ಚರಾದು'. ಊರಿಗೆ ಹೋದರೆ 'ಇಲ್ಲಿ ಕಸ ಸುಡಬಾರದು'. ಐದು ಭಾಷೆ, ಎರಡು ಭಾಷಾಕುಟುಂಬ. ಒಂದರಲ್ಲೂ ಕರ್ತೃಪದವಿಲ್ಲ. ಯಾರು ಸುಡಬಾರದು ಎಂದು ಯಾವ ಫಲಕವೂ ಹೇಳುವುದಿಲ್ಲ.

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವೇನಿಲ್ಲ. ಬಾರದು, ಕೂಡದು ಎಂಬ ರೂಪಗಳು ಕರ್ತೃವನ್ನು ಬೇಡುವುದೇ ಇಲ್ಲ. ಎಲ್ಲರಿಗೂ ಅನ್ವಯಿಸಲಿ ಎಂದೇ ಹಾಗೆ ಬರೆಯುತ್ತಾರೆ. ಆದರೆ ಎಲ್ಲರಿಗೂ ಎಂದು ಹೇಳಿದ ಮಾತು ಬೀದಿಯಲ್ಲಿ ಎಲ್ಲರಿಗೂ ತಗಲುವುದಿಲ್ಲ. ಖಾಲಿ ಬಿಟ್ಟ ಜಾಗದಲ್ಲಿ ಯಾರು ಸುಲಭವಾಗಿ ಸಿಗುತ್ತಾರೋ ಅವರ ಹೆಸರು ಬಂದು ಕೂರುತ್ತದೆ. ತೋಟಗಾರಿಕೆ ವಿಭಾಗದ ಅಧಿಕಾರಿ ಬೆಳಿಗ್ಗೆ ಆರೂವರೆಗೆ ಬೀದಿಯಲ್ಲಿ ಸಿಗುವುದಿಲ್ಲ. ಎಲೆಯ ಲಾರಿ ಕಳಿಸದ ಗುತ್ತಿಗೆದಾರ ವೀಡಿಯೊದಲ್ಲಿ ಕಾಣುವುದಿಲ್ಲ. 'ಎಲೆ ಕೊಳೆಯುವ ಗುಂಡಿ ನಮ್ಮ ಪಾರ್ಕಿನಲ್ಲಿ ಬೇಡ, ಹಾವು ಬರುತ್ತದೆ' ಎಂದು ನಿರ್ಣಯ ಮಾಡಿದ ನಿವಾಸಿಗಳ ಸಂಘದ ಸಭೆಗೆ ಯಾರೂ ಕ್ಯಾಮೆರಾ ಒಯ್ದಿರಲಿಲ್ಲ. ಕಾಣುವುದು ಪೊರಕೆಯೊಂದೇ. ಈ ದೇಶದಲ್ಲಿ ಪೊರಕೆ ಯಾವ ಜಾತಿಗಳ ಕೈಯಲ್ಲಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ತೃವಿಲ್ಲದ ವಾಕ್ಯ ಕೊನೆಗೆ ಹುಡುಕಿಕೊಂಡು ಹೋಗುವುದು ಅದೇ ಕೇರಿಯನ್ನು.

ಸುಡುವವರು ಮನೆಯವರೇ ಆದಾಗ ಆಡಳಿತದ ದನಿ ಹೇಗೆ ಬದಲಾಗುತ್ತದೆ ಎಂಬುದನ್ನು ಚೆನ್ನೈಯ ಕನ್ನಡಿಗರು ಪ್ರತಿ ಜನವರಿಯಲ್ಲಿ ನೋಡುತ್ತಾರೆ. ಪೊಂಗಲ್ ಹಿಂದಿನ ದಿನ ಭೋಗಿ. ಹಳೆಯ ಚಾಪೆ, ಬಟ್ಟೆ, ಒಮ್ಮೊಮ್ಮೆ ಟೈರು ಕೂಡ ಬೆಳಗಿನ ಜಾವ ಬೆಂಕಿಗೆ ಬೀಳುತ್ತವೆ. 2018ರ ಭೋಗಿಯಂದು ಹೊಗೆ ಮಂಜು ಕಲೆತು ಚೆನ್ನೈ ವಿಮಾನ ನಿಲ್ದಾಣದಲ್ಲಿ ವಿಮಾನಗಳು ಅಸ್ತವ್ಯಸ್ತವಾದವು. ಅಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ವರ್ಷವರ್ಷವೂ 'ಹೊಗೆಯಿಲ್ಲದ ಭೋಗಿ'ಗೆ ಮನವಿ ಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಪಾಲಿಕೆಯೇ ಹಬ್ಬಕ್ಕೆ ಮುಂಚೆ ಹಳೆಯ ಬಟ್ಟೆ, ಟೈರುಗಳನ್ನು ಮನೆಯವರಿಂದ ಸಂಗ್ರಹಿಸುತ್ತದೆ. ಇದು ಸರಿಯಾದ ದಾರಿಯೇ: ಬೇಡ ಎನ್ನುವ ಮೊದಲು ಬೇರೆ ದಾರಿ ಕೊಡುವುದು. ಹಬ್ಬದ ಬೆಂಕಿಗೆ ಸಲ್ಲುವ ಈ ಮರ್ಯಾದೆ ಹೊಟ್ಟೆಪಾಡಿನ ಬೆಂಕಿಗೆ ಯಾಕೆ ಸಲ್ಲುವುದಿಲ್ಲ?

ಬೆಂಕಿಯ ಗಾತ್ರವನ್ನೂ ಗಮನಿಸಬೇಕು. 2016ರ ಜನವರಿಯಲ್ಲಿ ಮುಂಬಯಿಯ ದೇವನಾರ್ ಕಸದ ಗುಡ್ಡ ಹತ್ತಿಕೊಂಡು ಉರಿದಾಗ ಅದರ ಹೊಗೆ ನಾಸಾದ ಉಪಗ್ರಹ ಚಿತ್ರಗಳಲ್ಲಿ ಕಂಡಿತು. 2022ರ ಏಪ್ರಿಲ್ ಒಂದೇ ತಿಂಗಳಲ್ಲಿ ದಿಲ್ಲಿಯ ಭಲಸ್ವಾ, ಚೆನ್ನೈಯ ಪೆರುಂಗುಡಿ ಎರಡೂ ಉರಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಕಸದ ಗುಡ್ಡಗಳ ಕಾರಣಕ್ಕೆ ದಿಲ್ಲಿ ಸರ್ಕಾರಕ್ಕೆ 900 ಕೋಟಿ ರೂಪಾಯಿಯ ಪರಿಹಾರ ವಿಧಿಸಿತು. ದೊಡ್ಡ ಮೊತ್ತವೇ. ಆದರೆ ಅದು ಸರ್ಕಾರದ ಖಜಾನೆಯ ಹಣ, ಅಂದರೆ ಜನರದೇ ಹಣ. ಯಾವ ಅಧಿಕಾರಿಯ ತಿಂಗಳ ಸಂಬಳದಿಂದಲೂ ಮುರಿದುಕೊಂಡದ್ದಲ್ಲ. ಎಲೆರಾಶಿಯ 5,000 ಬರಬೇಕಾದದ್ದು ಮಾತ್ರ ಒಬ್ಬ ಗುತ್ತಿಗೆ ಕೆಲಸಗಾರಳ ಮನೆಯ ಅಕ್ಕಿಯ ಡಬ್ಬಿಯಿಂದ.

*

ಇದಕ್ಕೆ ಎದುರು ಬರುವ ಮಾತುಗಳಿವೆ. 'ನಮ್ಮ ಊರಿನಲ್ಲೂ ಸುಡುತ್ತಿದ್ದರು, ಹೊಗೆಗೆ ಸೊಳ್ಳೆ ಹೋಗುತ್ತಿತ್ತು' ಎಂಬುದು ಒಂದು. 'ನಮ್ಮ ಹಿರಿಯರು ಎಲೆಯನ್ನು ಎಂದೂ ಸುಡುತ್ತಿರಲಿಲ್ಲ, ಎಲ್ಲ ಗೊಬ್ಬರವಾಗುತ್ತಿತ್ತು' ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ.

ಕರಾವಳಿಯಲ್ಲಿ ಸುಡುಮಣ್ಣು ಮಾಡುತ್ತಿದ್ದರು: ತರಗೆಲೆ, ಕಸಕಡ್ಡಿಯ ಮೇಲೆ ಮಣ್ಣು ಮುಚ್ಚಿ ನಿಧಾನಕ್ಕೆ ಸುಟ್ಟು ಗದ್ದೆಗೆ, ತೆಂಗಿನ ಬುಡಕ್ಕೆ ಹಾಕುವುದು. ಅಂದರೆ ಸುಡುವುದು ಇತ್ತು. ಆದರೆ ಅದು ಕಸ ಕಳೆದುಕೊಳ್ಳಲು ಹಚ್ಚಿದ ಬೆಂಕಿಯಲ್ಲ, ಗೊಬ್ಬರಕ್ಕಾಗಿ ಹಚ್ಚಿದ್ದು. ಮತ್ತು ಅದರ ಪಕ್ಕದಲ್ಲಿ ಇಪ್ಪತ್ತು ಮಹಡಿಯ ಕಟ್ಟಡಗಳಿರಲಿಲ್ಲ. ಮಲೆನಾಡಿನಲ್ಲಿ ದರಗು ಎಂದರೆ ಬೆಲೆಯುಳ್ಳ ವಸ್ತು. ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಲ ಹೀರಿಸಿ, ಅಡಿಕೆ ಮರದ ಬುಡಕ್ಕೆ ಹೋಗುತ್ತಿತ್ತು. ಉತ್ತರ ಕನ್ನಡದಲ್ಲಿ ತೋಟದ ವಿಸ್ತಾರದ ಹಲವು ಪಟ್ಟು ಕಾಡು ಸೊಪ್ಪಿನ ಬೆಟ್ಟವೆಂದು ತೋಟದವರ ಅನುಭೋಗಕ್ಕೆ ಸಿಕ್ಕಿದ್ದು ಈ ಸೊಪ್ಪು, ದರಗಿಗಾಗಿಯೇ. ಬಯಲುಸೀಮೆಯಲ್ಲಿ ದೀಪಾವಳಿಗೆ ತಿಪ್ಪೆಗೂ ದೀಪ ಇಡುವ ಮನೆಗಳಿವೆ. ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳೂ ಇವೆ.

ಇದನ್ನು ನೆನೆದು ಹಿಗ್ಗುವ ಮೊದಲು ಆ ದರಗನ್ನು ಗುಡಿಸಿ, ಹೊತ್ತು ತಂದವರು ಯಾರು ಎಂದೂ ಕೇಳಿಕೊಳ್ಳಬೇಕು. ಅಲ್ಲೂ ಹೊತ್ತವರು ಒಬ್ಬರು, ತೋಟ ಇನ್ನೊಬ್ಬರದು. ಹಾಗಾಗಿ ಹಿರಿಯರ ಜಾಣತನಕ್ಕೆ ಕೈಮುಗಿದರೆ ಸಾಲದು. ಆದರೆ ಆ ವ್ಯವಸ್ಥೆಯಿಂದ ಕಲಿಯಬೇಕಾದ ಒಂದು ಸಂಗತಿಯಿದೆ: ಎಲೆಗೆ ಹೋಗಲು ಒಂದು ಜಾಗ ಇತ್ತು. ಗುಂಡಿಯಿತ್ತು, ಕೊಟ್ಟಿಗೆಯಿತ್ತು, ಬೇಕೆನ್ನುವವರಿದ್ದರು. ತರಗೆಲೆ ಕಸವಾಗುವುದು ಅದು ಉದುರಿದಾಗ ಅಲ್ಲ, ಅದಕ್ಕೆ ಹೋಗಲು ಜಾಗವಿಲ್ಲದಾಗ.

ನಗರ ಆ ಜಾಗ ಕಿತ್ತುಕೊಂಡಿತು. ಮರದ ಬುಡದವರೆಗೂ ಕಾಂಕ್ರೀಟ್ ಹಾಸಿತು. ಮನೆಮನೆಗೆ ಬರುವ ಕಸದ ಗಾಡಿಯವರು ಅನೇಕ ಕಡೆ ಎಲೆಯ ಚೀಲ ಮುಟ್ಟುವುದಿಲ್ಲ. ಅವರಿಗೂ ಕಾರಣವಿದೆ: ಎಲೆ ಜಾಗ ತುಂಬುತ್ತದೆ, ತೂಗುವುದಿಲ್ಲ. ಟನ್ ಲೆಕ್ಕದಲ್ಲಿ ಹಣ ಕೊಡುವ ಗುತ್ತಿಗೆಯಲ್ಲಿ ಒಂದು ಲಾರಿ ಎಲೆ ಸಾಗಿಸುವುದು ಎಂದರೆ ಡೀಸೆಲ್ ಸುಟ್ಟು ಗಾಳಿ ಸಾಗಿಸಿದಂತೆ. ಹೀಗೆ ಒಬ್ಬೊಬ್ಬರಾಗಿ ಕೈ ತೊಳೆದುಕೊಂಡ ಮೇಲೆ ಉಳಿಯುವುದು ಬೆಂಕಿಪೊಟ್ಟಣ.

'ಗೊಬ್ಬರ ಮಾಡುವುದೆಲ್ಲ ಹೇಳಲು ಚಂದ, ನಗರದಲ್ಲಿ ಆಗುವುದಲ್ಲ' ಎಂಬುದು ಮೂರನೆಯ ಮಾತು. ಆಗುತ್ತದೆ. ಪುಣೆಯಲ್ಲಿ ಬ್ರೌನ್ ಲೀಫ್ ಎಂಬ ನಾಗರಿಕ ಬಳಗ 2016ರಿಂದ ಸರಳವಾದ ಕೆಲಸ ಮಾಡುತ್ತಿದೆ: ತರಗೆಲೆ ಹೆಚ್ಚಾಗಿ ಇರುವವರನ್ನೂ ಗೊಬ್ಬರಕ್ಕೆ, ಗಿಡದ ಬುಡದ ಹೊದಿಕೆಗೆ ಎಲೆ ಬೇಕಾದವರನ್ನೂ ಒಬ್ಬರಿಗೊಬ್ಬರು ಪರಿಚಯಿಸುವುದು. ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಿದೆ. ಗೊಬ್ಬರ ಮಾಡುವ ಬಗೆಬಗೆಯ ಸಾಧನಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು.

ವಿಧಾನವೂ ದೊಡ್ಡ ವಿದ್ಯೆಯಲ್ಲ. ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯನ್ನು ಎದೆಯೆತ್ತರದ ದುಂಡು ಪಂಜರ ಮಾಡಿ ನಿಲ್ಲಿಸಬೇಕು. ಎಲೆ ತುಂಬಿ, ತುಳಿದು, ನೀರು ಚಿಮುಕಿಸಬೇಕು. ತರಗೆಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಸರಿದೂಗಿಸಲು ನಡುನಡುವೆ ಸಗಣಿ ನೀರನ್ನೋ ಹಸಿರು ಹುಲ್ಲನ್ನೋ ಸೇರಿಸಬೇಕು. ಎಲೆಯನ್ನು ಚೂರು ಮಾಡಿ ಹಾಕಿದರೆ ಕೆಲವೇ ತಿಂಗಳು, ಇಡಿಯಾಗಿ ಹಾಕಿದರೆ ಹೆಚ್ಚುಕಡಿಮೆ ವರ್ಷ. ರಾಶಿ ದಿನೇ ದಿನೇ ಕುಸಿಯುವುದರಿಂದ ಅದೇ ಪಂಜರಕ್ಕೆ ಮತ್ತೆ ಮತ್ತೆ ತುಂಬಬಹುದು. ಬರೀ ಎಲೆಗೆ ದುರ್ವಾಸನೆಯಿಲ್ಲ, ಅದು ಅಡುಗೆಮನೆಯ ಕಸವಲ್ಲ. ಎರಡು ಕಾರು ನಿಲ್ಲುವ ಜಾಗದಲ್ಲಿ ಇಂಥ ಅರ್ಧ ಡಜನ್ ಪಂಜರ ಹಿಡಿಸುತ್ತವೆ. ಜಾಗವಿಲ್ಲ ಎನ್ನುವ ಸಂಘಗಳ ಅಂಗಳದಲ್ಲಿ ಎಷ್ಟು ಕಾರುಗಳಿವೆ ಎಂದು ಎಣಿಸಿದರೆ ಜಾಗದ ಮಾತು ಅಲ್ಲಿಗೆ ಮುಗಿಯುತ್ತದೆ.

ಇನ್ನೂ ಸುಲಭದ ದಾರಿಯೂ ಇದೆ: ಗುಡಿಸದೇ ಇರುವುದು. ರಸ್ತೆ ಗುಡಿಸಬೇಕು, ಚರಂಡಿಯ ಬಾಯಿ ಬಿಡಿಸಬೇಕು, ನಿಜ. ಪಾರ್ಕಿನ ಮರದಡಿಯ ಮಣ್ಣನ್ನು ಯಾಕೆ ಬೋಳಿಸಬೇಕು? ಎಲೆ ಬಿದ್ದಲ್ಲೇ ಇದ್ದರೆ ಮಣ್ಣಿನ ತೇವ ಉಳಿಯುತ್ತದೆ, ಎರೆಹುಳು ಬರುತ್ತದೆ, ಮರ ತನ್ನದನ್ನು ತಾನೇ ವಾಪಸು ಪಡೆಯುತ್ತದೆ. ಸ್ವಚ್ಛ ಎಂದರೆ ಬೋಳು ಎಂಬ ಕಲ್ಪನೆಯೇ ಅರ್ಧದಷ್ಟು ಬೆಂಕಿಗೆ ಮೂಲ.

*

ಸರಿಯಾದ ನಿಯಮ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ದಿಲ್ಲಿ ಸುತ್ತಿನ ವಾಯುಮಾಲಿನ್ಯ ತಡೆಗೆ ಇರುವ ಗ್ರ್ಯಾಪ್ ಎಂಬ ಹಂತಹಂತದ ಕ್ರಮಗಳ ಪಟ್ಟಿಯಲ್ಲಿ ಒಂದು ಸಾಲಿದೆ: ಚಳಿಗಾಲದಲ್ಲಿ ಕಾವಲುಗಾರರು, ಇತರ ಕೆಲಸಗಾರರು ಬಯಲಲ್ಲಿ ಬೆಂಕಿ ಕಾಯಿಸಿಕೊಳ್ಳದಂತೆ ನಿವಾಸಿಗಳ ಸಂಘಗಳು ಅವರಿಗೆ ವಿದ್ಯುತ್ ಹೀಟರ್ ಕೊಡಬೇಕು. ಈ ವಾಕ್ಯಕ್ಕೆ ಕರ್ತೃವಿದೆ. ಚಳಿಯಲ್ಲಿ ನಡುಗುವವನಿಗೆ ಬೆಂಕಿ ಹಚ್ಚಬೇಡ ಎನ್ನುವ ಮೊದಲು, ಅವನನ್ನು ಅಲ್ಲಿ ನಿಲ್ಲಿಸಿದವರಿಗೆ ಏನು ಕೊಡಬೇಕೆಂದು ಹೇಳುತ್ತದೆ. ಕೊಡದಿದ್ದರೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಎಲೆಯ ನಿಯಮವನ್ನೂ ಹೀಗೆಯೇ ಬರೆಯಲು ಏನಡ್ಡಿ? ದಂಡ ಜಾಗದ ಒಡೆತನ ಇರುವವರಿಗೆ: ಪಾರ್ಕಾದರೆ ತೋಟಗಾರಿಕೆ ವಿಭಾಗಕ್ಕೆ, ಕಾಲೊನಿಯಾದರೆ ಸಂಘಕ್ಕೆ, ರಸ್ತೆಯಾದರೆ ಗುತ್ತಿಗೆದಾರನಿಗೆ. ಗುಡಿಸುವವರ ಸಂಬಳ ಅದಕ್ಕಾಗಿ ಮುರಿಯುವಂತಿಲ್ಲ. ಎಲೆ ಒಯ್ಯುವ ದಿನ ವಾರ್ಡ್‌ವಾರು ಮೊದಲೇ ಪ್ರಕಟವಾಗಬೇಕು, ಗಾಡಿ ಬರದ ದಿನದ ಲೆಕ್ಕವೂ ಪ್ರಕಟವಾಗಬೇಕು. ಎಲೆಗೆ ತೂಕದ ಬದಲು ಗಾಡಿಯ ಲೆಕ್ಕದಲ್ಲಿ ಹಣ. ಎಲೆ ಉದುರುವ ತಿಂಗಳುಗಳಲ್ಲಿ ಹೆಚ್ಚಿನ ಆಳು. ಮತ್ತು ಪಾಲಿಕೆಯ ಕರ್ತವ್ಯದಲ್ಲಿ ಆ 'ಸಾಧ್ಯವಾದಷ್ಟು ಮಟ್ಟಿಗೆ' ಎಂಬ ಪದ ಇರಬಾರದು.

ಇದಾಗುವವರೆಗೆ ಬಾಲ್ಕನಿಯವರು ಮಾಡಬಹುದಾದದ್ದೂ ಇದೆ. ಈ ಪತ್ರ ಓದುವವರಲ್ಲಿ ಸಂಘದ ಕಾರ್ಯದರ್ಶಿಗಳಿದ್ದಾರೆ, ಖಜಾಂಚಿಗಳಿದ್ದಾರೆ, ಪ್ರತಿ ಭಾನುವಾರ ಸಭೆಗೆ ತಪ್ಪದೇ ಹೋಗುವವರಿದ್ದಾರೆ. ದೂರು ಬರೆಯುವಾಗ ವೀಡಿಯೊದಲ್ಲಿ ಆ ಹೆಂಗಸಿನ ಮುಖ ಬೇಡ. ಎಲೆಯ ಗಾಡಿ ಎಷ್ಟು ದಿನದಿಂದ ಬಂದಿಲ್ಲ, ಈ ಪಾರ್ಕಿನಲ್ಲಿ ಗುಂಡಿ ಯಾಕಿಲ್ಲ, ಇದರ ಹೊಣೆ ಯಾವ ಅಧಿಕಾರಿಯದು ಎಂದು ಬರೆಯಬಹುದು. ಮುಂದಿನ ಸಭೆಯಲ್ಲಿ ಎರಡು ಕಾರಿನ ಜಾಗ ಕೇಳಬಹುದು. ಕಾಫಿ ಆರುವಷ್ಟರಲ್ಲಿ ಕಳಿಸಿಬಿಡುವ ವೀಡಿಯೊಗಿಂತ ಇದು ಕಷ್ಟದ ಕೆಲಸ. ಪಕ್ಕದ ಮನೆಯವರೊಂದಿಗೆ ಜಗಳವಾಗುತ್ತದೆ. ಆದರೆ ಆ ಜಗಳ ಆಗದೆ ಹೊಗೆ ನಿಲ್ಲುವುದಿಲ್ಲ.

ಫಲಕವನ್ನೂ ಬದಲಿಸಬಹುದು. 'ಇಲ್ಲಿ ಕಸ ಸುಡಬಾರದು' ಎಂಬುದನ್ನು ಅಳಿಸಿ, 'ಈ ರಸ್ತೆಯ ಎಲೆಯನ್ನು ಪಾಲಿಕೆ ಮಂಗಳವಾರ ಮತ್ತು ಶುಕ್ರವಾರ ಒಯ್ಯುತ್ತದೆ. ಒಯ್ಯದಿದ್ದರೆ ದಂಡ ಪಾಲಿಕೆಗೆ' ಎಂದು ಬರೆಯಬಹುದು. ಯಾವ ಭಾಷೆಯಲ್ಲಿ ಬರೆದರೂ ಈ ವಾಕ್ಯದಲ್ಲಿ ಕರ್ತೃ ತಪ್ಪಿಸಿಕೊಳ್ಳಲಾರ. ಅಂಥ ಫಲಕ ಬಂದ ಮೇಲೂ ಗುಡಿಸುವಾಕೆ ಕಡ್ಡಿ ಗೀರಿದರೆ, ಆಗ ಬೇಕಾದರೆ ಆಕೆಯನ್ನು ಕೇಳಲಿ.